ಬಡಾವಣೆಯಲ್ಲಿ ಮಾರುಕಟ್ಟೆ ಮಾಡಬೇಕೆಂದರೆ: ನೆರಳು, ನೀರು, ಚರಂಡಿ, ಆಮೇಲೆ ಕಟ್ಟಡ

ಬೆಂಗಳೂರಿನ ಹಲವು ಬಡಾವಣೆಗಳಲ್ಲಿ ಪಾಲಿಕೆಯ ಮಾರುಕಟ್ಟೆ ಕಟ್ಟಡ ಅಂತ ಒಂದಿರುತ್ತದೆ. ಎರಡು ಮಹಡಿ, ಸಾಲಾಗಿ ಶಟರ್ ಹಾಕಿದ ಮಳಿಗೆಗಳು. ಮೇಲಿನ ಮಹಡಿಯಲ್ಲಿ ಅರ್ಧಕ್ಕರ್ಧ ಶಟರ್ ತೆರೆದೇ ಇರುವುದಿಲ್ಲ. ತೆರೆದ ಕಡೆ ಟೈಲರ್ ಅಂಗಡಿ, ಜೆರಾಕ್ಸ್, ಇಲ್ಲವೇ ಯಾರದೋ ಗೋಡೌನು. ಸೊಪ್ಪು, ತರಕಾರಿ, ಹೂವು ಮಾರುವವರು ಅದೇ ಕಟ್ಟಡದ ಎದುರು ಫುಟ್‌ಪಾತಿನ ಮೇಲೆ ಟಾರ್ಪಾಲು ಕಟ್ಟಿಕೊಂಡು ಕೂತಿರುತ್ತಾರೆ. ಯಾರ ಹೆಸರು ಹೇಳಿ ಹಣ ಮಂಜೂರು ಮಾಡಿಸಿದರೋ ಅವರು ಬಿಸಿಲಿನಲ್ಲೇ ಉಳಿದರು.

ಹೀಗಾಗದಂತೆ ಒಂದು ಮಾರುಕಟ್ಟೆಯನ್ನು ರೂಪಿಸುವ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಸಿವಿಲ್ ಎಂಜಿನಿಯರ್. ಬೀದಿ ವ್ಯಾಪಾರಿಗಳ ಸಂಘದವರ ಜೊತೆ ಕೂತು ನಕ್ಷೆ, ಅಂದಾಜು ಪಟ್ಟಿ ತಯಾರಿಸುವುದು ನನ್ನ ಕೆಲಸ. ಹೆಚ್ಚಾಗಿ ಲಗ್ಗೆರೆ, ಹೆಗ್ಗನಹಳ್ಳಿ, ರಾಜಗೋಪಾಲನಗರದ ಕಡೆ, ಅಂದರೆ ಪೀಣ್ಯದ ಫ್ಯಾಕ್ಟರಿಗಳಿಗೆ ದುಡಿಯಲು ಹೋಗುವವರು ಬಾಡಿಗೆಗೆ ಇರುವ ಬಡಾವಣೆಗಳಲ್ಲಿ. ಸಂಘದ ಪದಾಧಿಕಾರಿಗಳು, ವಾರ್ಡ್ ಸಮಿತಿಯವರು, ಈಗಷ್ಟೇ ಕೆಲಸಕ್ಕೆ ಸೇರಿದ ಎಂಜಿನಿಯರುಗಳು, ಯಾರಿಗೆ ಬೇಕಾದರೂ ಇದು ಉಪಯೋಗಕ್ಕೆ ಬರಲಿ. ಅಳತೆಗಳನ್ನೆಲ್ಲ ಅಡಿಯಲ್ಲೇ ಕೊಟ್ಟಿದ್ದೇನೆ, ಮೇಸ್ತ್ರಿಯೂ ವ್ಯಾಪಾರಿಯೂ ಮಾತಾಡುವುದು ಅಡಿಯಲ್ಲೇ.

ಟೇಪು ಹಿಡಿಯುವ ಮೊದಲು

ಮೊದಲು ಸುಮ್ಮನೆ ಕೂತು ನೋಡಿ. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಎರಡಕ್ಕೆ, ಸಂಜೆ ಆರೂವರೆಗೆ ನೋಡಿ. ವಾರದ ದಿನವೂ ನೋಡಿ, ಭಾನುವಾರವೂ ನೋಡಿ. ತಿಂಗಳ 7ರಿಂದ 10ನೇ ತಾರೀಕಿನ ಹೊತ್ತಿಗೆ ಫ್ಯಾಕ್ಟರಿಗಳಲ್ಲಿ ಸಂಬಳ ಆಗುತ್ತದೆ. ಆಗಿನ ಜನಸಂದಣಿಗೂ 28ನೇ ತಾರೀಕಿನ ಜನಸಂದಣಿಗೂ ಅಜಗಜಾಂತರ.

ನಮ್ಮ ಕಡೆ ವ್ಯಾಪಾರದ ಜೀವ ಇರುವುದು ಸಂಜೆ. ಗಾರ್ಮೆಂಟ್ಸ್ ಬಿಟ್ಟ ಮೇಲೆ ಬಸ್ಸು, ಷೇರ್ ಆಟೋ ಇಳಿದು ಮನೆ ಕಡೆ ನಡೆಯುವ ಹೆಣ್ಣುಮಕ್ಕಳು ರಾತ್ರಿಯ ಸಾರಿಗೆ ಬೇಕಾದ್ದನ್ನು ದಾರಿಯಲ್ಲೇ ಕೊಳ್ಳುತ್ತಾರೆ: ಅರ್ಧ ಕೆಜಿ ಟೊಮೆಟೊ, ಒಂದು ಕಟ್ಟು ದಂಟಿನ ಸೊಪ್ಪು, ಹತ್ತು ರೂಪಾಯಿಗೆ ಕೊತ್ತಂಬರಿ, ಹಸಿಮೆಣಸಿನಕಾಯಿ, ಒಂದು ಮೊಳ ಹೂವು. ಬಹಳ ಮನೆಗಳಲ್ಲಿ ಫ್ರಿಜ್ ಇಲ್ಲ, ಇದ್ದರೂ ಒಂದೇ ಸಲ ವಾರಕ್ಕಾಗುವಷ್ಟು ಕೊಳ್ಳಲು ಕೈಯಲ್ಲಿ ಕಾಸಿರುವುದಿಲ್ಲ. ದಿನಾ ಕೊಳ್ಳುವ ಈ ಜನ ಮಾರುಕಟ್ಟೆಗೆಂದೇ ಬೇರೆ ದಾರಿ ಹಿಡಿದು ಬರುವುದಿಲ್ಲ. ಮನೆಯಲ್ಲಿ ಮಗು ಕಾಯುತ್ತಿರುತ್ತದೆ, ನಲ್ಲಿಯಲ್ಲಿ ನೀರು ಬರುವ ಹೊತ್ತಾಗಿರುತ್ತದೆ.

ಆದ್ದರಿಂದ ನಿಮ್ಮ ನಕ್ಷೆಯ ಮೊದಲ ಗೆರೆ ಜಾಗದ ಎಲ್ಲೆಯದ್ದಲ್ಲ, ಗಿರಾಕಿ ನಡೆಯುವ ದಾರಿಯದ್ದು. ಬಸ್ ಸ್ಟಾಪು, ಫ್ಯಾಕ್ಟರಿ ಗೇಟು, ನ್ಯಾಯಬೆಲೆ ಅಂಗಡಿ, ಶಾಲೆ, ದೇವಸ್ಥಾನ, ಮಸೀದಿ ಇವನ್ನೆಲ್ಲ ಗುರುತು ಹಾಕಿ, ಜನ ಎಲ್ಲಿಂದ ಎಲ್ಲಿಗೆ ನಡೆಯುತ್ತಾರೆ ಅಂತ ಪೆನ್ಸಿಲಿನಲ್ಲಿ ಎಳೆಯಿರಿ. ಹೆಚ್ಚು ಗೆರೆಗಳು ಕೂಡುವ ಜಾಗದಲ್ಲಿ ವ್ಯಾಪಾರಿಗಳು ಆಗಲೇ ಕೂತಿರುತ್ತಾರೆ. ಅವರು ಲೆಕ್ಕ ಹಾಕಿಯೇ ಕೂತಿರುವುದು. ಅಲ್ಲಿಂದ ಮಾರುಕಟ್ಟೆಯನ್ನು ಒಳರಸ್ತೆಗೆ, 'ವಿಶಾಲ ಜಾಗ ಇದೆ' ಅಂತ ಯಾರೋ ತೋರಿಸಿದ ಮೂಲೆಗೆ ತಳ್ಳುವ ಮಾತು ಬಂದರೆ ಒಪ್ಪಬೇಡಿ. ಹಾಗೆ ತಳ್ಳಿದ ಕಡೆಯಲ್ಲೆಲ್ಲ ಕೆಲವೇ ವಾರಗಳಲ್ಲಿ ವ್ಯಾಪಾರಿಗಳು ಹಳೆಯ ಜಾಗಕ್ಕೆ ವಾಪಸು ಬಂದಿದ್ದನ್ನು ನಾನು ನೋಡಿದ್ದೇನೆ.

ಯಾರು ಯಾರ ಪಕ್ಕ ಕೂರುತ್ತಾರೆ ಅನ್ನುವುದನ್ನೂ ಬರೆದುಕೊಳ್ಳಿ. ಶುಂಠಿ, ಬೆಳ್ಳುಳ್ಳಿ, ನಿಂಬೆಹಣ್ಣು ಮಾರುವವಳು ಮೀನಿನವರ ಹತ್ತಿರ ಕೂತಿದ್ದರೆ ಅದಕ್ಕೆ ಕಾರಣ ಇದೆ. ಒಬ್ಬರು ಶೌಚಕ್ಕೆ ಹೋದಾಗ ಪಕ್ಕದವರು ವ್ಯಾಪಾರ ನೋಡಿಕೊಳ್ಳುತ್ತಾರೆ. ಚೀಟಿ ಹಾಕಿ ಲಾಟರಿ ಎತ್ತಿ ಕಟ್ಟೆ ಹಂಚಿದರೆ ಈ ಹೊಂದಾಣಿಕೆ ಒಂದೇ ದಿನಕ್ಕೆ ಮುರಿಯುತ್ತದೆ. ನಾನು ಯಾವಾಗಲೂ ಇರುವ ಸಾಲನ್ನು ಇರುವ ಹಾಗೇ ಎತ್ತಿ ಹೊಸ ನಕ್ಷೆಯಲ್ಲಿ ಕೂರಿಸುತ್ತೇನೆ.

ಕಣ್ಣಿಗೆ ಬೀಳದವರನ್ನು ಹುಡುಕುವುದು ಇನ್ನೂ ಮುಖ್ಯ. ಡಿಸೆಂಬರ್‌, ಜನವರಿಯಲ್ಲಿ ಮಾಗಡಿ ಕಡೆಯಿಂದ ಸೊಗಡಿನ ಅವರೆಕಾಯಿ ಮೂಟೆ ತರುವ ರೈತರು, ಬೇಸಿಗೆಯಲ್ಲಿ ಮಾವು, ಕರಬೂಜದವರು, ಆಯುಧಪೂಜೆಗೆ ಬಾಳೆಕಂದು, ಬೂದುಗುಂಬಳದವರು. ನೀವು ಎಣಿಸಲು ಹೋದ ದಿನ ಇವರು ಇರುವುದಿಲ್ಲ. ಇವರಿಗಾಗಿ ಹೆಸರು ಬರೆಯದ ಬಯಲು ಜಾಗ ಬಿಡಿ, ಒಟ್ಟು ಜಾಗದ ಐದನೇ ಒಂದು ಭಾಗವಾದರೂ ಇರಲಿ. ಉಳಿದ ದಿನಗಳಲ್ಲಿ ಅಲ್ಲಿ ಮಕ್ಕಳು ಆಡಲಿ, ಸೈಕಲ್ ನಿಲ್ಲಲಿ.

ಕಾಗದ

2014ರ ಬೀದಿ ವ್ಯಾಪಾರಿಗಳ ಕಾಯ್ದೆಯನ್ನು ಓದದೆ ಯಾರೂ ಈ ಕೆಲಸಕ್ಕೆ ಇಳಿಯಬಾರದು. ಅದರಲ್ಲಿ ಐದು ಅಂಶ ನಿಮಗೆ ನೇರವಾಗಿ ಬೇಕಾಗುತ್ತವೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಇರುವ ವ್ಯಾಪಾರಿಯನ್ನು ಎಬ್ಬಿಸುವಂತಿಲ್ಲ. ಸಮೀಕ್ಷೆ ಐದು ವರ್ಷಕ್ಕೊಮ್ಮೆಯಾದರೂ ಆಗಬೇಕು. ಬೀದಿ ವ್ಯಾಪಾರದ ವಿಷಯ ನೋಡಿಕೊಳ್ಳಲು ಈ ಕಾಯ್ದೆಯಡಿ ರಚಿಸುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಷ್ಟು ಮಂದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಣ್ಣುಮಕ್ಕಳು. ಸ್ಥಳಾಂತರ ಮಾಡಲೇಬೇಕಾದರೆ 30 ದಿನದ ನೋಟಿಸು ಕೊಡಬೇಕು. ಐವತ್ತು ವರ್ಷಕ್ಕೂ ಹೆಚ್ಚು ಕಾಲ ನಡೆದುಬಂದ ಸಹಜ ಮಾರುಕಟ್ಟೆಯನ್ನು, ಅಂದರೆ ಮಾರುವವರೂ ಕೊಳ್ಳುವವರೂ ತಾವಾಗಿಯೇ ಕೂಡುತ್ತ ಬಂದ ಜಾಗವನ್ನು, ಪಾರಂಪರಿಕ ಮಾರುಕಟ್ಟೆ ಎಂದು ಘೋಷಿಸಬೇಕು, ಅಲ್ಲಿಯವರನ್ನು ಬೇರೆ ಕಡೆಗೆ ಕಳಿಸುವಂತಿಲ್ಲ.

ನಿಮ್ಮ ಕೆಲಸ ಶುರುವಾಗುವುದು ಸಮಿತಿಯ ನಡಾವಳಿಯಲ್ಲಿ ಒಂದು ಸಾಲು ಬರೆಸುವುದರಿಂದ: 'ಈ ಸ್ಥಳವು ಸಹಜ ಮಾರುಕಟ್ಟೆ'. ಆ ಸಾಲು ಇಲ್ಲದೆ ಕಟ್ಟಿದ ಚಂದದ ಚಪ್ಪರವನ್ನು ರಸ್ತೆ ಅಗಲೀಕರಣದ ಒಂದು ಆದೇಶ ಕಿತ್ತುಹಾಕಬಹುದು. ಬೆಂಗಳೂರಿನವರು ಇನ್ನೊಂದು ವಿಷಯ ನೋಡಿಕೊಳ್ಳಬೇಕು. 2025ರ ಸೆಪ್ಟೆಂಬರಿನಿಂದ ನಗರದಲ್ಲಿ ಐದು ಪಾಲಿಕೆಗಳಿವೆ. ಇಡೀ ನಗರಕ್ಕೆ ಒಂದೇ ಪಾಲಿಕೆಯಾಗಿದ್ದ ಹಳೆಯ ಬಿಬಿಎಂಪಿ ಕಾಲದ ಪತ್ರ, ಗುರುತಿನ ಚೀಟಿಗಳ ನಕಲನ್ನು ನಿಮ್ಮ ಈಗಿನ ಪಾಲಿಕೆಗೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಜಾಗ ಯಾರದ್ದು ಅನ್ನುವುದಕ್ಕೆ ಬಾಯಿಮಾತು ನಂಬಬೇಡಿ. ಸರ್ವೆ ನಕ್ಷೆ ತೆಗೆಸಿ. ರಾಜಕಾಲುವೆಯ ಬಫರ್ (ಕಾಲುವೆಯ ಪಕ್ಕ ಖಾಲಿ ಬಿಡಬೇಕಾದ ಪಟ್ಟಿ), ಹೈಟೆನ್ಷನ್ ತಂತಿಯ ಕೆಳಗಿನ ಪಟ್ಟಿ ಎರಡನ್ನೂ ಬಿಟ್ಟುಬಿಡಿ, ಎಷ್ಟೇ ಖಾಲಿ ಕಂಡರೂ ಸರಿ. ರಸ್ತೆಯ ಅಂಚು, ಸಿಎ ಸೈಟು (ನಾಗರಿಕ ಸೌಲಭ್ಯಕ್ಕೆಂದು ಮೀಸಲಿಟ್ಟ ನಿವೇಶನ), ಮೇಲ್ಸೇತುವೆಯ ಅಡಿ ಇವು ಕೈಗೆ ಸಿಗುವ ಜಾಗಗಳು.

ಜಾಗದ ವಿಷಯದಲ್ಲಿ ನನಗೆ ಯಾವಾಗಲೂ ಧೈರ್ಯ ಕೊಡುವುದು ದಕ್ಷಿಣ ಆಫ್ರಿಕಾದ ಡರ್ಬನ್ ನಗರದ ವಾರ್ವಿಕ್ ಜಂಕ್ಷನ್. ಅಲ್ಲಿ ಬಳಕೆಯಿಲ್ಲದೆ ಬಿದ್ದಿದ್ದ ಹೆದ್ದಾರಿ ಸೇತುವೆಯೊಂದರ ಮೇಲೆ 1990ರ ದಶಕದ ಕೊನೆಯಲ್ಲಿ ಗಿಡಮೂಲಿಕೆ ಮಾರುವವರಿಗೆ ಮಾರುಕಟ್ಟೆ ಮಾಡಿಕೊಟ್ಟರು. ಅದರ ಪಕ್ಕದ ಮುಂಜಾವಿನ ಮಾರುಕಟ್ಟೆ 1910ರದ್ದು, ಭಾರತದಿಂದ ಕೂಲಿಗೆ ಹೋದ ಕುಟುಂಬಗಳ ತೋಟಗಾರರು ನೆಲೆಯೂರಿದ ಜಾಗ. 2009ರಲ್ಲಿ ಅದನ್ನು ಕೆಡವಿ ಮಾಲ್ ಕಟ್ಟಲು ಹೊರಟಾಗ ವ್ಯಾಪಾರಿಗಳು ಹೋರಾಡಿ ಉಳಿಸಿಕೊಂಡರು.

ಕಾಗದದ ಬಗ್ಗೆ ಕೊನೆಯ ಮಾತು, ಇದನ್ನು ದಯವಿಟ್ಟು ಮರೆಯಬೇಡಿ. ಕಾಮಗಾರಿಗಾಗಿ ವ್ಯಾಪಾರಿಗಳನ್ನು ತಾತ್ಕಾಲಿಕವಾಗಿ ಎಬ್ಬಿಸುವ ಮೊದಲು ವಾಪಸು ಬರುವವರ ಪಟ್ಟಿ ತಯಾರಾಗಿರಬೇಕು. ಹೆಸರು, ಫೋಟೊ, ಮಾರುವ ವಸ್ತು, ಹೊಸ ಕಟ್ಟೆಯ ನಂಬರು. ಪ್ರತಿ ಪುಟಕ್ಕೂ ಅಧಿಕಾರಿಯ ಸಹಿ. 'ಆರು ತಿಂಗಳು ಅಷ್ಟೇ' ಅಂತ ಕಳಿಸಿದ ಒಂದು ಕಡೆ ಕಟ್ಟಡ ಎದ್ದ ಮೇಲೆ ಮಳಿಗೆಗಳು ಯಾರ್‍ಯಾರದೋ ಪಾಲಾದವು. ಅಲ್ಲಿ ಪಟ್ಟಿಯೇ ಇರಲಿಲ್ಲ, ಕೇಳಲು ಹೋದವರ ಕೈಯಲ್ಲಿ ತೋರಿಸಲು ಏನೂ ಇರಲಿಲ್ಲ.

ಕಟ್ಟೆ

ಇನ್ನು ಅಳತೆ. ಒಬ್ಬ ಸೊಪ್ಪಿನ ವ್ಯಾಪಾರಿಯ ಪಕ್ಕ ಒಂದು ಸಂಜೆ ಪೂರ್ತಿ ಕೂತರೆ ಕಟ್ಟೆಯ ವಿನ್ಯಾಸ ತಾನಾಗಿಯೇ ಬರುತ್ತದೆ. ನಾನು ಅಳತೆ ಕಲಿತದ್ದು ಲಗ್ಗೆರೆಯ ಒಬ್ಬ ಅಜ್ಜಿಯಿಂದ. ಅವರು ಮಗುಚಿ ಹಾಕಿದ ಕ್ರೇಟಿನ ಮೇಲೆ ಗೋಣಿಚೀಲ ಮಡಿಸಿ ಕೂರುತ್ತಾರೆ. ಎದುರಿಗೆ ಒದ್ದೆ ಗೋಣಿತಾಟಿನ ಮೇಲೆ ದಂಟು, ಮೆಂತ್ಯ, ಪಾಲಕ್, ಸಬ್ಬಸಿಗೆ, ಕರಿಬೇವು. ಎಡಗೈ ಹತ್ತಿರ ಮುಚ್ಚಳಕ್ಕೆ ತೂತು ಮಾಡಿದ ನೀರಿನ ಬಾಟಲಿ. ಐದು ನಿಮಿಷಕ್ಕೊಮ್ಮೆ ಅದನ್ನು ಬೋರಲು ಹಿಡಿದು ಸೊಪ್ಪಿಗೆ ಚಿಮುಕಿಸುತ್ತಾರೆ. ಬಲಕ್ಕೆ ಚಿಲ್ಲರೆ ಡಬ್ಬಿ. ಫೋನಿನಲ್ಲಿ ದುಡ್ಡು ಹಾಕುವವರಿಗಾಗಿ ಕ್ಯುಆರ್ ಹಾಳೆಯನ್ನು ರಟ್ಟಿಗೆ ಅಂಟಿಸಿ ಬುಟ್ಟಿಗೆ ಒರಗಿಸಿಟ್ಟಿದ್ದಾರೆ, ಗಾಳಿ ಬಂದರೆ ಅದು ಬೀಳುತ್ತದೆ. ಕೂತಲ್ಲಿಂದ ಅವರ ಕೈ ನಿಲುಕುವುದು ಮೂರಡಿಗೆ ಸ್ವಲ್ಪ ಕಡಿಮೆ. ಅದಕ್ಕಿಂತ ಆಚೆ ಇಟ್ಟ ಸೊಪ್ಪನ್ನು ಗಿರಾಕಿಯೇ ಎತ್ತಿಕೊಡಬೇಕು. ಎದ್ದು ಹೊರಗೆ ಬರಬೇಕಾದರೆ ಸೊಪ್ಪನ್ನು ದಾಟಿಯೇ ಬರಬೇಕು. ಮಂಡಿ ನೋವಿರುವುದರಿಂದ ಅವರು ಏಳುವುದೇ ಇಲ್ಲ.

ಇದರಿಂದ ಹುಟ್ಟಿದ ಕಟ್ಟೆ ಹೀಗಿದೆ. ಮುಂಭಾಗದ ಅಗಲ 4 ಅಡಿ, ಆಳ 5 ಅಡಿ: ಮೂರಡಿ ಸಾಮಾನಿಗೆ, ಎರಡಡಿ ಕೂರಲು. ನೆಲದಿಂದ ಎತ್ತರ ಒಂದೂವರೆ ಅಡಿ. ಎರಡೂವರೆ ಅಡಿ ಮಾಡಿದರೆ ಗಿರಾಕಿಗೆ ಬಾಗುವ ಕೆಲಸ ತಪ್ಪುತ್ತದೆ ಅಂತ ಕೆಲವರು ಹೇಳುತ್ತಾರೆ, ಆದರೆ ವಯಸ್ಸಾದ ವ್ಯಾಪಾರಿಗೆ ಹತ್ತಲಾಗುವುದಿಲ್ಲ. ಎರಡು ಸಾಲು ಕಟ್ಟೆಗಳ ಬೆನ್ನಿನ ನಡುವೆ 3 ಅಡಿಯ ಓಣಿ ಬಿಡಿ. ಕೂತವರು ಆ ಕಡೆ ಕಾಲು ಇಳಿಬಿಡಬಹುದು, ಸಾಮಾನು ದಾಟದೆ ಎದ್ದು ಹೋಗಬಹುದು, ಕ್ರೇಟು ತುಂಬಿಸಬಹುದು. ಈ ಓಣಿಯನ್ನು 'ಜಾಗ ದಂಡ' ಅಂತ ಅಂದಾಜು ಪಟ್ಟಿಯಿಂದ ಹೊಡೆದುಹಾಕಲು ನೋಡುತ್ತಾರೆ. ಹಿಡಿದ ಪಟ್ಟು ಬಿಡಬೇಡಿ.

ಕಟ್ಟೆಯ ಹೊಟ್ಟೆಯನ್ನು ತುಂಬಿಸಬೇಡಿ, ಪೊಳ್ಳಾಗಿ ಬಿಟ್ಟು ಇಲಿ ನುಗ್ಗದ ಜಾಲರಿ ಬಾಗಿಲು, ಬೀಗದ ಕೊಂಡಿ ಹಾಕಿಸಿ. ಈರುಳ್ಳಿ, ಆಲೂಗಡ್ಡೆ, ತಕ್ಕಡಿ, ಕ್ರೇಟು ರಾತ್ರಿ ಅಲ್ಲೇ ಉಳಿದರೆ ದಿನಾ ಆಟೋದಲ್ಲಿ ಹೊತ್ತುಕೊಂಡು ಹೋಗುವ ಖರ್ಚು, ಗೋಡೌನಿನ ಬಾಡಿಗೆ ಎರಡೂ ಉಳಿಯುತ್ತವೆ. ಕಂಬಕ್ಕೆ ಕಣ್ಣಿನ ಮಟ್ಟದಲ್ಲಿ ಒಂದು ಸಣ್ಣ ಹಲಗೆ ಕೊಡಿ, ಕ್ಯುಆರ್ ಅಂಟಿಸಲು. ಮೇಲೆ ಕೊಕ್ಕೆಗಳಿರಲಿ, ಬಾಳೆಗೊನೆ, ಚೀಲ ನೇತುಹಾಕಲು.

ಕಟ್ಟೆಯ ಮೇಲ್ಮೈಗೆ ಹೊಳೆಯುವ ಟೈಲ್ಸ್ ಬೇಡವೇ ಬೇಡ. ನುಣ್ಣಗೆ ಮಾಡದ ಸಾದರಹಳ್ಳಿ ಕಲ್ಲು ಇಲ್ಲಿಯೇ ಸಿಗುತ್ತದೆ, ಒದ್ದೆಯಾದರೂ ಜಾರುವುದಿಲ್ಲ, ಒಡೆದರೆ ಒಂದು ಚಪ್ಪಡಿ ಬದಲಿಸಿದರಾಯಿತು. ನಡೆಯುವ ನೆಲಕ್ಕೂ ಅದೇ ಸಾಕು. ಪ್ರತಿ 8 ಅಡಿಗೆ 1 ಇಂಚಿನಷ್ಟು ಇಳಿಜಾರು ಕೊಟ್ಟರೆ ತೊಳೆದ ನೀರು ನಿಲ್ಲದೆ ಚರಂಡಿಗೆ ಓಡುತ್ತದೆ. ಜನ ನಡೆಯುವ ದಾರಿ 8 ಅಡಿ ಇರಲಿ. ಎರಡೂ ಕಡೆ ಜನ ಬಾಗಿ ಆರಿಸುತ್ತಿರುವಾಗ ನಡುವೆ ಇನ್ನೊಬ್ಬರು ಮಗು ಎತ್ತಿಕೊಂಡು ಹೋಗಬೇಕಲ್ಲ. ಪ್ರವೇಶದಲ್ಲಿ ಮೆಟ್ಟಿಲು ಬೇಡ. 1 ಅಡಿ ಏರಿಗೆ 12 ಅಡಿ ಉದ್ದದ ಇಳಿಜಾರು ಮಾಡಿ. ವೀಲ್‌ಚೇರಿಗೂ ಆಯಿತು, ತಳ್ಳುಗಾಡಿಗೂ ಆಯಿತು.

ತಳ್ಳುಗಾಡಿಯವರನ್ನು ಕಟ್ಟೆಗೆ ಹತ್ತಿಸಲು ಹೋಗಬೇಡಿ. ಅವರು ಬೆಳಿಗ್ಗೆ ಬೀದಿ ಸುತ್ತಿ ಸಂಜೆ ಇಲ್ಲಿಗೆ ಬರುವವರು. ರಸ್ತೆಯ ಅಂಚಿನಲ್ಲಿ 4 ಅಡಿ ಅಗಲ, 7 ಅಡಿ ಉದ್ದದ ಗುರುತು ಹಾಕಿ, ರಾತ್ರಿ ಗಾಡಿಗೆ ಸರಪಳಿ ಹಾಕಲು ನೆಲದಲ್ಲಿ ಕಬ್ಬಿಣದ ಬಳೆ ಹೂಳಿಸಿ.

ಮೀನು, ಕೋಳಿಗೆ ಬೇರೆ ಸಾಲು, ಬೇರೆ ಚರಂಡಿ, ಬೇರೆ ನಲ್ಲಿ. ಮಳೆಗಾಲದ ಗಾಳಿ ನಮ್ಮಲ್ಲಿ ಪಡುವಣದಿಂದ ಬೀಸುತ್ತದೆ, ಹಾಗಾಗಿ ಈ ಸಾಲು ಮೂಡಣ ತುದಿಯಲ್ಲಿರಲಿ. ಇಡ್ಲಿ, ಬಜ್ಜಿ, ಎಗ್‌ರೈಸ್ ಗಾಡಿಗಳು ಸಿಲಿಂಡರ್ ಇಟ್ಟುಕೊಳ್ಳುವುದರಿಂದ ಅವು ಚಾವಣಿಯ ಹೊರಗೆ, ರಸ್ತೆಗೆ ಹತ್ತಿರ ನಿಲ್ಲಲಿ. ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ 2012ರ ಫೆಬ್ರವರಿಯಲ್ಲಿ ಬೆಂಕಿ ಬಿದ್ದು ನೂರಕ್ಕೂ ಹೆಚ್ಚು ಅಂಗಡಿಗಳು ಸುಟ್ಟುಹೋದದ್ದನ್ನು ನಗರ ಇನ್ನೂ ಮರೆತಿಲ್ಲ. ತಂತಿಗಳೆಲ್ಲ ಪೈಪಿನೊಳಗೆ ಹೋಗಬೇಕು, ಪ್ರತಿ ಸಾಲಿಗೂ ಒಂದು ಎಂಸಿಬಿ (ತೊಂದರೆಯಾದರೆ ತಾನಾಗಿ ಕರೆಂಟು ಕಡಿಯುವ ಸ್ವಿಚ್ಚು) ಇರಬೇಕು, ಅಗ್ನಿಶಾಮಕ ವಾಹನ ಬರುವಷ್ಟು ಅಗಲದ ದಾರಿ ಒಂದು ಕಡೆಯಾದರೂ ಯಾವಾಗಲೂ ಖಾಲಿ ಇರಬೇಕು.

ಚಾವಣಿ

ಮೇಲೆ ಇನ್ನೊಂದು ಮಹಡಿ ಬೇಡ ಅಂತ ಮೊದಲೇ ನಿರ್ಧಾರ ಮಾಡಿಕೊಳ್ಳಿ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ನಡೆದಾಡಿದವರಿಗೆ ಗೊತ್ತು, ಹೂವು, ವೀಳ್ಯದೆಲೆ, ಬಾಳೆಹಣ್ಣು, ಕುಂಕುಮ ಎಲ್ಲದರ ವ್ಯಾಪಾರ ನೆಲದ ಮಟ್ಟದಲ್ಲೇ. ಸೊಪ್ಪಿಗಾಗಿ ಮೆಟ್ಟಿಲು ಹತ್ತುವವರು ಯಾರೂ ಇಲ್ಲ.

ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ, ಉಳಿದ ಕಾಲ ದಕ್ಷಿಣಕ್ಕೆ. ಆದ್ದರಿಂದ ಚಾವಣಿಯ ಅಂಚು ಎರಡೂ ಕಡೆ ಕನಿಷ್ಠ 4 ಅಡಿ ಹೊರಚಾಚಬೇಕು. ಅತಿ ಕಷ್ಟದ ಬಿಸಿಲು ಮಧ್ಯಾಹ್ನ ಮೂರರಿಂದ ಐದರವರೆಗೆ ಪಡುವಣದಿಂದ ಓರೆಯಾಗಿ ನುಗ್ಗುವುದು. ಸೊಪ್ಪು ಬಾಡುವುದು ಆಗಲೇ. ಪಡುವಣ ಬದಿಗೆ ಹೊಂಗೆ ಮರಗಳ ಸಾಲು ನೆಡಿ. ಅವು ಬೆಳೆಯುವವರೆಗೆ ಬಿದಿರಿನ ತಟ್ಟಿ ಕಟ್ಟಿ. ಜಾಗದಲ್ಲಿ ಈಗಾಗಲೇ ಮರ ಇದ್ದರೆ ನಕ್ಷೆಯನ್ನು ಮರಕ್ಕೆ ತಕ್ಕಂತೆ ಬಗ್ಗಿಸಿ.

ಎತ್ತರ 12ರಿಂದ 14 ಅಡಿ ಇರಲಿ, ನಡುವೆ ಇನ್ನೊಂದು ಸಣ್ಣ ಚಾವಣಿ ಎತ್ತರಿಸಿ ಬಿಸಿಗಾಳಿ ಹೊರಹೋಗಲು ಬಿಡಿ. ತಗಡು ಹಾಕುವುದಾದರೆ ಮೇಲೆ ಬಿಳಿ ಬಣ್ಣ ಬಳಿಯಲೇಬೇಕು. ಮಂಗಳೂರು ಹೆಂಚು ತಂಪು, ಆದರೆ ಕೋತಿ ಕಾಟ ಇರುವ ಕಡೆ ಉಳಿಯುವುದಿಲ್ಲ.

ಬೆಂಗಳೂರಿನಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 1000 ಮಿಲಿಮೀಟರು ಮಳೆ ಬೀಳುತ್ತದೆ. 3000 ಚದರಡಿಯ ಚಾವಣಿಯಿಂದ ಸೋರಿಹೋದದ್ದನ್ನು ಕಳೆದರೂ ಎರಡು ಲಕ್ಷ ಲೀಟರಿಗಿಂತ ಹೆಚ್ಚು ನೀರು ಸಿಗುತ್ತದೆ. ನೆಲ ತೊಳೆಯಲು, ಶೌಚಾಲಯಕ್ಕೆ, ಸೊಪ್ಪಿಗೆ ಚಿಮುಕಿಸಲು ಟ್ಯಾಂಕರಿಗೆ ದುಡ್ಡು ಕೊಡುವ ಬಡಾವಣೆಯಲ್ಲಿ ಇದು ಸಣ್ಣ ಮಾತಲ್ಲ. ಮೊದಲ ಮಳೆಯ ಕೊಳಕು ನೀರು ಹೊರಗೆ ಹೋಗಲು ಒಂದು ವಾಲ್ವು, ಒಂದು ಜಲ್ಲಿ ಸೋಸುಗುಂಡಿ, ನೆಲದಡಿಯಲ್ಲಿ ಸಂಪು, ತುಂಬಿ ಉಕ್ಕಿದ್ದು ಇಂಗುಗುಂಡಿಗೆ.

ದೀಪದ ಲೆಕ್ಕವೂ ಸುಲಭ. 80 ಕಟ್ಟೆಯ ಮಾರುಕಟ್ಟೆ ಅಂದುಕೊಳ್ಳಿ. ಕಟ್ಟೆಗೆ ತಲಾ 9 ವ್ಯಾಟಿನ ಎಲ್‌ಇಡಿ, ಸಂಜೆ ನಾಲ್ಕು ಗಂಟೆ ಉರಿದರೆ ದಿನಕ್ಕೆ ಮೂರು ಯೂನಿಟ್ಟಿಗಿಂತ ಕಡಿಮೆ. 1 ಕಿಲೋವ್ಯಾಟಿನ ಸೋಲಾರ್ ಫಲಕ ಬಿಸಿಲಿನ ದಿನ ಸುಮಾರು 4 ಯೂನಿಟ್ ಕೊಡುತ್ತದೆ. ಪಂಪು, ಶೌಚಾಲಯದ ದೀಪ, ಮೋಡದ ದಿನಗಳನ್ನೂ ಸೇರಿಸಿಕೊಂಡು 3 ಕಿಲೋವ್ಯಾಟ್, ಬ್ಯಾಟರಿ ಸಮೇತ ಹಾಕಿಸಿ. ಜನರೇಟರಿನವನಿಗೆ ಬಲ್ಬಿಗಿಷ್ಟು ಅಂತ ದಿನಾ ಕೊಡುವ ದುಡ್ಡು ವ್ಯಾಪಾರಿಯ ಜೇಬಿನಲ್ಲೇ ಉಳಿಯುತ್ತದೆ.

ಶೌಚಾಲಯ

ಹೆಣ್ಣುಮಕ್ಕಳನ್ನು ಬೇರೆಯಾಗಿ ಕೂರಿಸಿ 'ನಿಮಗೆ ಮೊದಲು ಏನು ಬೇಕು' ಅಂತ ಕೇಳಿ. ಗಂಡಸರ ಜೊತೆ ಕೂರಿಸಿ ಕೇಳಿದರೆ ಚಾವಣಿ ಅನ್ನುತ್ತಾರೆ, ಬೇರೆ ಕೂರಿಸಿದರೆ ಶೌಚಾಲಯ ಅನ್ನುತ್ತಾರೆ. ಬೆಳಗಿನ ಜಾವ ನಾಲ್ಕಕ್ಕೆ ಕೆ.ಆರ್. ಮಾರುಕಟ್ಟೆಗೆ ಹೋಗಿ ಸಾಮಾನು ತಂದು ರಾತ್ರಿ ಒಂಬತ್ತರವರೆಗೆ ಕೂರುವವರು ಹೊರಗೆ ಹೋಗಬೇಕಾದೀತೆಂದು ಬಾಯಾರಿದರೂ ನೀರು ಕುಡಿಯುವುದಿಲ್ಲ. ಉರಿಮೂತ್ರ, ಸೋಂಕು ಅಂತ ಆಸ್ಪತ್ರೆಗೆ ಅಲೆಯುತ್ತಾರೆ. ಹಣ ಸಾಲದೆ ಯಾವುದನ್ನಾದರೂ ಕೈಬಿಡಬೇಕಾಗಿ ಬಂದರೆ ಕಮಾನು, ನಾಮಫಲಕ, ಉದ್ಘಾಟನೆಯ ಕಲ್ಲು ಬಿಡಿ, ಇದನ್ನು ಬಿಡಬೇಡಿ.

ಶೌಚಾಲಯವನ್ನು ಹಿಂದಿನ ಮೂಲೆಗೆ ಹಾಕಬೇಡಿ. ರಾತ್ರಿ ಎಂಟಕ್ಕೆ ಒಬ್ಬಳೇ ಹೋಗಿಬರಬೇಕಾದವಳಿಗೆ ಅದು ಜನ ಓಡಾಡುವ ದಾರಿಗೆ ಕಾಣುವಂತಿರಬೇಕು, ಬಾಗಿಲು ಮಾತ್ರ ಮರೆಯಲ್ಲಿರಲಿ. ಒಳಗೆ ಚಿಲಕ, ದೀಪ, ಚೀಲ ನೇತುಹಾಕುವ ಕೊಕ್ಕೆ, ಪ್ಯಾಡ್ ಹಾಕಲು ಮುಚ್ಚಳದ ಡಬ್ಬ. ಯುಜಿಡಿ, ಅಂದರೆ ನೆಲದಡಿಯ ಒಳಚರಂಡಿ, ಸಂಪರ್ಕ ಇದೆಯೋ ಇಲ್ಲವೋ ಅಂತ ನಕ್ಷೆಯ ಹಂತದಲ್ಲೇ ಜಲಮಂಡಳಿಯಿಂದ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಪಕ್ಕದಲ್ಲೇ ಒಂದು ಸಣ್ಣ ಕೋಣೆ ಮಾಡಿ, ಎದೆಹಾಲು ಕುಡಿಸಲು, ಮಗುವನ್ನು ಮಲಗಿಸಲು. ಶಾಲೆ ಬಿಟ್ಟ ಮಕ್ಕಳು ಅಲ್ಲೇ ಕೂತು ಹೋಂವರ್ಕ್ ಮಾಡುತ್ತಾರೆ.

ಕಸ

ಒಂದು ವಾರ ತೂಕ ಹಾಕಿ. ತರಕಾರಿ ಸಿಪ್ಪೆ, ಸೊಪ್ಪಿನ ಬೇರು, ಬಾಳೆದಿಂಡು, ಎಳನೀರು ಬುರುಡೆ, ಮೀನಿನ ತ್ಯಾಜ್ಯ, ಪ್ಲಾಸ್ಟಿಕ್ ಎಲ್ಲವನ್ನೂ ಬೇರೆ ಬೇರೆಯಾಗಿ. ದಿನಕ್ಕೆ 100 ಕೆಜಿ ದಾಟಿದರೆ ನಿಯಮದ ಪ್ರಕಾರ ನೀವು ಸಗಟು ತ್ಯಾಜ್ಯ ಉತ್ಪಾದಕರ ಸಾಲಿಗೆ ಸೇರುತ್ತೀರಿ, ಜವಾಬ್ದಾರಿ ಬೇರೆಯದೇ ಆಗುತ್ತದೆ.

ಯಂತ್ರ ಮಾರುವವರು ಬೇಗ ಬಂದುಬಿಡುತ್ತಾರೆ. ಹೈದರಾಬಾದಿನ ಬೋವೆನ್‌ಪಲ್ಲಿ ತರಕಾರಿ ಮಾರುಕಟ್ಟೆಯ ಉದಾಹರಣೆ ಕೊಡುತ್ತಾರೆ. ಅದು ಒಳ್ಳೆಯ ಕೆಲಸವೇ. ದಿನಕ್ಕೆ ಸುಮಾರು 10 ಟನ್ ತ್ಯಾಜ್ಯದಿಂದ 500 ಯೂನಿಟ್ಟಿನಷ್ಟು ಕರೆಂಟು ತೆಗೆಯುತ್ತಾರೆ. ಆದರೆ ಅದು ಸಗಟು ಮಂಡಿ. ನಿಮ್ಮ ಬಡಾವಣೆಯ ಮಾರುಕಟ್ಟೆಯಲ್ಲಿ ಬರುವುದು ಇನ್ನೂರು, ಮುನ್ನೂರು ಕೆಜಿ. ಅದಕ್ಕೆ ಬಯೋಗ್ಯಾಸ್ ಘಟಕ ಹಾಕಿದರೆ ನಡೆಸಲು ಜನ ಇಲ್ಲದೆ ತುಕ್ಕು ಹಿಡಿಯುತ್ತದೆ.

ನಾನು ಮೊದಲು ಹುಡುಕುವುದು ಆ ಏರಿಯಾದಲ್ಲಿ ಹಸು, ಕುರಿ, ಮೇಕೆ ಸಾಕಿದವರನ್ನು. ಹೂಕೋಸಿನ ಎಲೆ, ಜೋಳದ ಸಿಪ್ಪೆ, ಮೂಲಂಗಿ ಸೊಪ್ಪು ಅವರಿಗೆ ಬೇಕೇ ಬೇಕು. ಪ್ಲಾಸ್ಟಿಕ್, ರಬ್ಬರ್ ಬ್ಯಾಂಡ್ ಸೇರದ ಹಾಗೆ ಬೇರೆ ಕ್ರೇಟಿನಲ್ಲಿ ಇಟ್ಟರೆ ಸಂಜೆ ಬಂದು ಒಯ್ಯುತ್ತಾರೆ. ಉಳಿದದ್ದಕ್ಕೆ ಇಟ್ಟಿಗೆಯ ಗಾಳಿತೂತಿನ ತೊಟ್ಟಿಗಳು ಸಾಕು, ಪಾರ್ಕಿನ ಒಣ ಎಲೆಯನ್ನು ಪದರ ಪದರವಾಗಿ ಹಾಕಿ ಕೊಳೆಸಿದರೆ ಒಂದೂವರೆ, ಎರಡು ತಿಂಗಳಿಗೆ ಗೊಬ್ಬರ ಆಗುತ್ತದೆ. ಮೀನಿನ ತ್ಯಾಜ್ಯ ಮಾತ್ರ ಮುಚ್ಚಳದ ಡ್ರಮ್ಮಿನಲ್ಲಿ ಅದೇ ದಿನ ಹೊರಹೋಗಬೇಕು, ಅದಕ್ಕೆ ವಿನಾಯಿತಿ ಇಲ್ಲ.

ಹಣ, ಉಸ್ತುವಾರಿ

ಹಲವು ಊರುಗಳಲ್ಲಿ ಸಂತೆಯ ಸುಂಕ ವಸೂಲಿಯನ್ನು ವರ್ಷಕ್ಕೊಮ್ಮೆ ಹರಾಜು ಹಾಕುತ್ತಾರೆ. ಹರಾಜು ಹಿಡಿದವನು ಹಾಕಿದ ದುಡ್ಡಿಗೆ ದುಪ್ಪಟ್ಟು ಎತ್ತಲು ನೋಡುತ್ತಾನೆ, ನಲ್ಲಿ ಕೆಟ್ಟರೆ ತಿರುಗಿ ನೋಡುವುದಿಲ್ಲ. ಹೊಸ ಮಾರುಕಟ್ಟೆಯಲ್ಲಿ ಈ ಪದ್ಧತಿ ಒಳಗೆ ಬರದಂತೆ ಸಮಿತಿಯ ನಿರ್ಣಯದಲ್ಲೇ ಬರೆಸಿ. ವಸೂಲಿ ವ್ಯಾಪಾರಿಗಳ ಸಂಘದ ಕೈಯಲ್ಲಿರಲಿ, ಬ್ಯಾಂಕ್ ಖಾತೆ ಇಬ್ಬರು ಹೆಣ್ಣುಮಕ್ಕಳು ಸೇರಿದ ಮೂವರ ಜಂಟಿ ಸಹಿಯಲ್ಲಿರಲಿ, ತಿಂಗಳ ಜಮಾ-ಖರ್ಚನ್ನು ಕಪ್ಪು ಹಲಗೆಯ ಮೇಲೆ ಬರೆಯಲಿ.

ಆದರೆ ಸಂಘವೇ ಎಲ್ಲ ಖರ್ಚು ಹೊರಲಿ ಅನ್ನುವವರ ಮಾತಿಗೆ ತಲೆ ಆಡಿಸಬೇಡಿ. 80 ಜನ ದಿನಕ್ಕೆ 20 ರೂಪಾಯಿಯಂತೆ ತಿಂಗಳಿಗೆ 26 ದಿನ ಕೊಟ್ಟರೆ 41,600 ರೂಪಾಯಿ. ಇಬ್ಬರು ಸ್ವಚ್ಛತಾ ಕೆಲಸದವರಿಗೆ ಕನಿಷ್ಠ ವೇತನ ಕೊಟ್ಟರೆ ಅದರ ಬಹುಪಾಲು ಮುಗಿಯಿತು. ಮೋಟಾರು ಸುಟ್ಟರೆ, ತಗಡು ಹಾರಿದರೆ ಎಲ್ಲಿಂದ ತರುವುದು? ಸ್ವಚ್ಛತೆಯ ಸಂಬಳ, ನೀರು, ಚರಂಡಿ ಪಾಲಿಕೆಯದ್ದು. ದೀಪ, ಸಣ್ಣಪುಟ್ಟ ರಿಪೇರಿ, ಕಾವಲು ಸಂಘದ್ದು. ಪಾರ್ಕಿಗೆ, ರಸ್ತೆಗೆ ಪಾಲಿಕೆ ಖರ್ಚು ಮಾಡುವಾಗ ಯಾರೂ ಲಾಭ ಕೇಳುವುದಿಲ್ಲ. ಬಡಾವಣೆಗೆ ಸೊಪ್ಪು ಉಣಿಸುವ ಜಾಗಕ್ಕೂ ಕೇಳಬಾರದು.

ಸಾಲದ ವಿಷಯ ನಕ್ಷೆಯಲ್ಲಿ ಬರುವುದಿಲ್ಲ, ಆದರೂ ಬಿಡುವಂತಿಲ್ಲ. ಬೆಳಿಗ್ಗೆ 900 ಕೈಗೆ ಕೊಟ್ಟು ಸಂಜೆ 1000 ವಾಪಸು ತೆಗೆದುಕೊಳ್ಳುವ ದಿನಬಡ್ಡಿಯವರು ಎಲ್ಲ ಮಾರುಕಟ್ಟೆಯಲ್ಲೂ ಇದ್ದಾರೆ. ಬೀದಿ ವ್ಯಾಪಾರಿಗಳಿಗೆ ಸಾಲ ಕೊಡುವ ಕೇಂದ್ರ ಸರ್ಕಾರದ ಯೋಜನೆ ಪಿಎಂ ಸ್ವನಿಧಿ 2020ರಲ್ಲಿ ಶುರುವಾದಾಗ ಮೊದಲ ಕಂತು 10,000 ಇತ್ತು. 2025ರ ಪರಿಷ್ಕರಣೆಯ ನಂತರ 15,000, ತೀರಿಸಿದವರಿಗೆ 25,000, ಆಮೇಲೆ 50,000. ಇದಕ್ಕೆ ವ್ಯಾಪಾರಿ ಗುರುತಿನ ಚೀಟಿ ಅಥವಾ ಶಿಫಾರಸು ಪತ್ರ ಬೇಕು. ಸಮೀಕ್ಷೆಯ ದಿನವೇ ಅರ್ಜಿ ತುಂಬಿಸಲು ಒಂದು ಮೇಜು ಹಾಕಿಬಿಡಿ.

ಕಟ್ಟುವಾಗ

ಟೆಂಡರಿಗೆ ಕಳಿಸುವ ಮೊದಲು ನಕ್ಷೆಯನ್ನು ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಬರೆಯಿರಿ. ವ್ಯಾಪಾರಿಗಳನ್ನು ಅವರವರ ಬುಟ್ಟಿ, ಕ್ರೇಟಿನ ಸಮೇತ ಆ ಗೆರೆಗಳೊಳಗೆ ಕೂರಿಸಿ ಒಂದು ಸಂಜೆಯ ವ್ಯಾಪಾರ ಮಾಡಿಸಿ. ಹೂವಿನವರಿಗೆ ನಾಲ್ಕಡಿ ಬೇಡ, ಎರಡೂವರೆ ಸಾಕು ಅನ್ನುವುದು, ಕುಂಬಳಕಾಯಿ ಮಾರುವವನಿಗೆ ಕಟ್ಟೆಗಿಂತ ನೆಲವೇ ಅನುಕೂಲ ಅನ್ನುವುದು ಅಲ್ಲಿ ಗೊತ್ತಾಗುತ್ತದೆ. ಗೆರೆ ಅಳಿಸಿ ಹೊಸದಾಗಿ ಬರೆಯಲು ಖರ್ಚಿಲ್ಲ.

ಕಾಮಗಾರಿಯನ್ನು ಅರ್ಧ ಅರ್ಧ ಮಾಡಿಸಿ. ಒಂದು ಅರ್ಧ ಕಟ್ಟುವಾಗ ಎಲ್ಲರೂ ಇನ್ನೊಂದು ಅರ್ಧದಲ್ಲಿ ಇಕ್ಕಟ್ಟಾಗಿ ಕೂತರೂ ಜಾಗ ಬಿಟ್ಟು ಹೋಗುವುದಿಲ್ಲ, ಗಿರಾಕಿಯೂ ತಪ್ಪುವುದಿಲ್ಲ. ದಸರಾ, ದೀಪಾವಳಿ, ಯುಗಾದಿ, ರಂಜಾನ್ ಹೊತ್ತಿನಲ್ಲಿ ಕೆಲಸ ನಿಲ್ಲಿಸುವ ಷರತ್ತನ್ನು ಟೆಂಡರಿನಲ್ಲೇ ಸೇರಿಸಿ. ವರ್ಷದ ದುಡಿಮೆಯ ದೊಡ್ಡ ಪಾಲು ಆ ದಿನಗಳದ್ದೇ. ಗುತ್ತಿಗೆದಾರನ ಕೊನೆಯ ಬಿಲ್ಲನ್ನು ಒಂದು ಮಳೆಗಾಲ ಮುಗಿಯುವವರೆಗೆ ತಡೆಹಿಡಿಯುವ ಷರತ್ತೂ ಇರಲಿ.

ಆ ಮಳೆಗಾಲದಲ್ಲಿ ನೀವು ಮಾಡಬೇಕಾದ ಕೆಲಸ ಒಂದಿದೆ. ಹೊಸ ಚಾವಣಿಯ ಕೆಳಗೆ ಯಾರು ಎಲ್ಲಿ ಟಾರ್ಪಾಲು ಕಟ್ಟುತ್ತಾರೆ ಅಂತ ನಕ್ಷೆಯ ಮೇಲೆ ಗುರುತು ಹಾಕುತ್ತಾ ಹೋಗಿ. ಟಾರ್ಪಾಲು ಎದ್ದ ಕಡೆಯೆಲ್ಲ ಇರಚಲು ಹೊಡೆಯುತ್ತಿದೆ, ಇಲ್ಲವೇ ಪಡುವಣದ ಬಿಸಿಲು ಬೀಳುತ್ತಿದೆ. ಅದನ್ನು ಕೀಳಿಸಬೇಡಿ. ಆ ನಕ್ಷೆ ಹಿಡಿದು ಗುತ್ತಿಗೆದಾರನನ್ನು ಕರೆಸಿ, ಅಲ್ಲಲ್ಲಿ ಚಾವಣಿಯ ಅಂಚನ್ನು ಎರಡಡಿ ಉದ್ದ ಮಾಡಿಸಿ, ತಟ್ಟಿ ಹಾಕಿಸಿ, ಆಮೇಲೆ ಬಿಲ್ಲಿಗೆ ಸಹಿ ಮಾಡಿಸಿ.